ಕಪ್ಪಗಿರೋದೆಲ್ಲ ಎಣ್ಣೆಯಲ್ಲ

ನಮ್ಮ ಆಫೀಸುಗಳಲ್ಲಿ ‘ಮಾಡೆಲ್ ಹೇಳಿದೆ’ ಅಂದರೆ ಚರ್ಚೆ ಮುಗೀತು. ಸಮುದ್ರದ ವಿಷಯದಲ್ಲೂ ಹಾಗೇ ಆಗ್ತಿದೆಯೇನೋ ಅನ್ನಿಸುತ್ತಿದೆ. ಅಮೆರಿಕದ ಸ್ಕೈಟ್ರೂತ್ ಎಂಬ ಲಾಭರಹಿತ ಸಂಸ್ಥೆಯ ‘ಸೆರೂಲಿಯನ್’ ನಕ್ಷೆ ನೋಡಿ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳಲ್ಲಿ ಎಣ್ಣೆಯ ಜಿಡ್ಡನ್ನು ಎಐ ಹುಡುಕುತ್ತದೆ. ಯಾವ ಹಡಗಿನ ಮೇಲೆ ಅನುಮಾನ ಅಂತಲೂ ತೋರಿಸುತ್ತದೆ. ಕಾಸು ಕೊಡಬೇಕಿಲ್ಲ. ಕದ್ದುಮುಚ್ಚಿ ಎಣ್ಣೆ ಸುರಿಯುವ ಹಡಗುಗಳಿಗೆ ಇಂಥ ಕಾವಲು ಬೇಕೇ ಬೇಕು. ನನ್ನ ತಕರಾರು ನಾವು ಅದನ್ನು ಓದುವ ರೀತಿಯ ಬಗ್ಗೆ.

ರೇಡಾರ್‌ಗೆ ಕಾಣೋದು ನೀರಿನ ತರಿ. ಗಾಳಿಗೆ ಏಳುವ ಕೆಲವೇ ಸೆಂಟಿಮೀಟರಿನ ಕಿರು ಅಲೆಗಳು ಮೈಕ್ರೋವೇವ್ ಅನ್ನು ಉಪಗ್ರಹದತ್ತ ವಾಪಸ್ ಚದುರಿಸುತ್ತವೆ. ಎಣ್ಣೆಯ ಪದರ ಆ ಅಲೆಗಳನ್ನು ಅಡಗಿಸುತ್ತದೆ. ನುಣುಪಾದ ಜಾಗದಿಂದ ಹೆಚ್ಚೇನೂ ವಾಪಸ್ ಬರಲ್ಲ, ಹಾಗಾಗಿ ಚಿತ್ರದಲ್ಲಿ ಕಪ್ಪು. ಪಂಪ್‌ಸೆಟ್ಟಿನ ಡೀಸೆಲ್ ತೊಟ್ಟಿಗೆ ಬಿದ್ದಾಗ ಅಷ್ಟು ಜಾಗ ಮಾತ್ರ ಅಲುಗಾಡದೆ ನಿಲ್ಲೋದನ್ನು ಊರಲ್ಲಿ ನೋಡಿದವರಿಗೆ ಇದು ಹೊಸದಲ್ಲ.

ಮೋಡ, ಕತ್ತಲು ಎರಡೂ ಅಡ್ಡಿಯಾಗಲ್ಲ ಅನ್ನೋದು ದೊಡ್ಡ ಅನುಕೂಲ. ಆದರೆ ಗಾಳಿ ನಿಂತರೆ ಎಣ್ಣೆಯಿಲ್ಲದ ನೀರೂ ಕಪ್ಪು. ಗಾಳಿ ತೀರಾ ಜೋರಾದರೆ ಎಣ್ಣೆ ನೀರಲ್ಲಿ ಕಲಸಿಹೋಗಿ ಕಣ್ಮರೆ. ಸಮುದ್ರದ ಪಾಚಿ ಬಿಡುವ ಜಿಡ್ಡೂ ಹೀಗೇ ಕಾಣುತ್ತೆ. ಎಷ್ಟು ಟನ್ ಚೆಲ್ಲಿದೆ ಅಂತ ಒಂದು ಕಪ್ಪು ಕಲೆ ನೋಡಿ ಹೇಳೋಕಾಗಲ್ಲ. ತನ್ನ ಗುರುತಿನ ಸಂಕೇತ ಆಫ್ ಮಾಡಿಕೊಂಡ ಹಡಗಿನ ಹೆಸರು ಹಿಡಿಯೋದು ಕಷ್ಟ, ಪಕ್ಕದಲ್ಲಿ ಸುಮ್ಮನೆ ಹೋದವನ ಮೇಲೆ ಅನುಮಾನ ಬರೋದು ಸುಲಭ. ದೋಣಿಯೋ ವಿಮಾನವೋ ಹೋಗಿ ನೋಡುವ ತನಕ ಆ ಕಲೆ ಬರೀ ಅನುಮಾನವೇ.

ಪತ್ತೆಯಾದರೂ ಕೆಲಸ ಮುಗಿಯಲ್ಲ. 2017ರ ಜನವರಿ 28ರಂದು ಚೆನ್ನೈ ಬಳಿಯ ಎನ್ನೋರ್‌ನಲ್ಲಿ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ದಡಕ್ಕೇ ಬಂತು. ಅದು ಯಾವ ಕಡೆ ಹರಿಯುತ್ತೆ ಅಂತ ಹೈದರಾಬಾದಿನ ಇನ್‌ಕಾಯ್ಸ್ ಲೆಕ್ಕ ಹಾಕಿ ಮುನ್ಸೂಚನೆ ಕೊಟ್ಟಿತು. ದಡದಲ್ಲಿ ಮಾತ್ರ ಜನ ಬಕೆಟ್ ಹಿಡಿದು, ಕೈಯಲ್ಲೇ ಆ ಕರಿ ಕೆಸರು ಬಾಚಿದರು. ಮೀನು ಕೊಳ್ಳೋಕೆ ಊರು ಹೆದರಿತು. ಹೊಡೆತ ಬಿದ್ದದ್ದು ಮೀನುಗಾರರ ಹೊಟ್ಟೆಗೆ.

ಹಾಗಾಗಿ ಮುಂದಿನ ಸಲ ಉಪಗ್ರಹದ ಕಪ್ಪು ಕಲೆ ವಾಟ್ಸಾಪ್‌ನಲ್ಲಿ ಬಂದರೆ ಫಾರ್ವರ್ಡ್ ಮಾಡುವ ಮೊದಲು ಕೇಳಿ: ಆ ಹೊತ್ತಲ್ಲಿ ಗಾಳಿ ಎಷ್ಟಿತ್ತು? ಯಾರು ಹೋಗಿ ನೋಡಿ ಬಂದರು? ದಡದಲ್ಲಿ ಬಕೆಟ್ ಬಿಟ್ಟು ಇನ್ನೇನಿದೆ?