ಗೋಡೆಯ ಮೇಲಿನ ಜಾಣ

ಅಮೆರಿಕದ ಶಾರ್ಲಟ್‌ನ ದಕ್ಷಿಣ ಅಂಚಿನ ಬ್ಯಾಲಂಟೈನ್‌ನಲ್ಲಿ ಜುಲೈ ಸೆಕೆ ಮಂಗಳೂರನ್ನೇ ನೆನಪಿಸುತ್ತದೆ. ನಮ್ಮ ಹಜಾರದ ಗೋಡೆಯಲ್ಲೊಂದು ದುಂಡನೆಯ ಸ್ಮಾರ್ಟ್ ಥರ್ಮೋಸ್ಟಾಟ್ ಇದೆ. ಹತ್ತಿರ ಹೋದರೆ ಸಾಕು, ಕಣ್ಣು ಬಿಟ್ಟು 78 ಎನ್ನುತ್ತದೆ. ಫ್ಯಾರನ್‌ಹೀಟ್ ಲೆಕ್ಕ, ಊರಿನವರಿಗೆ ಸುಮಾರು 26 ಡಿಗ್ರಿ ಸೆಲ್ಸಿಯಸ್. ಮನೆಯಲ್ಲಿ ಓಡಾಟ ನಿಂತು ಫೋನುಗಳೂ ದೂರವಾದರೆ ತಾನೇ ತಂಪನ್ನು ಸಡಿಲಿಸುತ್ತದೆ. ಖಾಲಿ ಕೋಣೆಯ ದೀಪ ಆರಿಸುವ ಅಜ್ಜಿಯ ಬುದ್ಧಿ!

ಚಳಿಗಾಲದಲ್ಲೇ ಇದರ ನಿಜವಾದ ಕಸುಬು. ಮನೆ ಬೆಚ್ಚಗಿಡುವ ಹೀಟ್ ಪಂಪನ್ನು ಒಮ್ಮೆಲೇ ಏರಿಸಿದರೆ ಕರೆಂಟು ನುಂಗುವ ಹೆಚ್ಚುವರಿ ಕಾಯಿಲ್ ಕಾದುಬಿಡುತ್ತದೆ. ನಮ್ಮ ಥರ್ಮೋಸ್ಟಾಟ್ ಮುಂಜಾನೆ ಬೇಗ ಶುರುಮಾಡಿ, ಅನ್ನಕ್ಕೆ ಸಣ್ಣ ಉರಿ ಇಟ್ಟಂತೆ, ನಿಧಾನ ಏರಿಸುತ್ತದೆ.

ದಿನಕ್ಕೆ 8 ಗಂಟೆ ಮಾಮೂಲಿಗಿಂತ 7ರಿಂದ 10 ಫ್ಯಾರನ್‌ಹೀಟ್ ಡಿಗ್ರಿ ಸರಿಸಿಟ್ಟರೆ ಮನೆ ಬಿಸಿ-ತಂಪು ಮಾಡುವ ವರ್ಷದ ಖರ್ಚಿನಲ್ಲಿ ಶೇ 10ರವರೆಗೆ ಉಳಿತಾಯ ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ನಡುವೆ ಕೈಹಾಕಿ ತಿರುಗಿಸಬೇಡಿ, ಅಷ್ಟೆ.