ರಕ್ಷಿಸಿದ ಹಡಗಿಗೆ ದಡವೆಲ್ಲಿ?



ನಡುಗಡಲಿನಲ್ಲಿ ಮುಳುಗುತ್ತಿರುವವರನ್ನು ಕಂಡ ಹಡಗು ಅವರನ್ನು ರಕ್ಷಿಸಲೇಬೇಕು. ಇದು ನಾವಿಕರ ಪುರಾತನ ಧರ್ಮ. ಇಂದು ಅಂತರರಾಷ್ಟ್ರೀಯ ಕಾನೂನೂ ಹೌದು. ಆದರೆ ರಕ್ಷಿಸಿದವರನ್ನು ಎಲ್ಲಿ ಇಳಿಸಬೇಕು? ಈ ಪ್ರಶ್ನೆಗೆ ರಾಷ್ಟ್ರಗಳು ನೀಡಿದ ಉತ್ತರವನ್ನು ನಾವು ತೂಗಿ ನೋಡಬೇಕಾಗಿದೆ.

1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಬಳಿಕ ಲಕ್ಷಾಂತರ ಜನರು ಪುಟ್ಟ ದೋಣಿಗಳಲ್ಲಿ ದೇಶ ತೊರೆದರು. ಅವರನ್ನು ಹತ್ತಿಸಿಕೊಂಡು ಬಂದ ಸರಕು ಹಡಗುಗಳನ್ನು ಆಗ್ನೇಯ ಏಷ್ಯಾದ ಬಂದರುಗಳು ತಡೆದವು; ಬಂದವರು ಅಲ್ಲಿಯೇ ಉಳಿದುಬಿಟ್ಟಾರೆಂಬ ಭಯ ಅವುಗಳಿಗೆ. ಹಡಗಿನ ಒಡೆಯರಿಗಾದರೋ ಕಾದ ಪ್ರತಿದಿನವೂ ನಷ್ಟ. ಆದ್ದರಿಂದ ಮೊರೆಯಿಡುವ ದೋಣಿಯನ್ನು ಕಂಡೂ ಕಾಣದಂತೆ ಸಾಗಿದ ಹಡಗುಗಳಿದ್ದವು.

1979ರ ಜುಲೈಯಲ್ಲಿ 65 ರಾಷ್ಟ್ರಗಳು ಜಿನೀವಾದಲ್ಲಿ ಸಭೆ ಸೇರಿದವು. ಪುನರ್ವಸತಿಯ ಭರವಸೆ 1,25,000 ಮಂದಿಯಿಂದ 2,60,000ಕ್ಕೆ ಏರಿತು. ಅದೇ ವರ್ಷ ಎಂಟು ದೇಶಗಳು ‘ಡಿಸೆರೋ’ ಎಂಬ ಯೋಜನೆಯಡಿ ಮಹತ್ವದ ಮಾತು ಕೊಟ್ಟವು: ನಿರಾಶ್ರಿತರಿಗೆ ನೆಲೆ ಕೊಡದ ದೇಶಗಳ ಧ್ವಜ ಹೊತ್ತ ಸರಕು ಹಡಗು ರಕ್ಷಿಸಿದವರಿಗೆ ತಾವು ನೆಲೆ ನೀಡುವುದಾಗಿ. 1985ರಲ್ಲಿ ‘ರಾಸ್ರೋ’ ಎಂಬ ಇನ್ನೊಂದು ಏರ್ಪಾಡೂ ಬಂದಿತು. ಈ ರಾಜತಾಂತ್ರಿಕತೆಯ ಹಿರಿಮೆ ಇಲ್ಲಿದೆ: ಅದು ಕಪ್ತಾನನಿಗೆ ನೀತಿಪಾಠ ಹೇಳಲಿಲ್ಲ, ಅವನ ಭಯದ ಕಾರಣವನ್ನೇ ತೆಗೆದುಹಾಕಿತು.

ಅದರ ಕೊರತೆಯೂ ಸ್ಪಷ್ಟ. ಅದು ಕರ್ತವ್ಯವಾಗಿರಲಿಲ್ಲ, ಔದಾರ್ಯವಾಗಿತ್ತು, ಔದಾರ್ಯ ದಣಿಯುತ್ತದೆ. ಭರವಸೆಯೇ ಇನ್ನಷ್ಟು ಜನರನ್ನು ಕಡಲಿಗೆ ಸೆಳೆಯುತ್ತದೆಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. 1989ರ ಹೊಸ ಒಪ್ಪಂದದಂತೆ ಹೊಸದಾಗಿ ಬಂದವರು ನಿಜವಾದ ನಿರಾಶ್ರಿತರೇ ಎಂಬ ವಿಚಾರಣೆ ಆರಂಭವಾಯಿತು. ಎಲ್ಲರಿಗೂ ನೆಲೆಯೆಂಬ ಖಾತರಿ ಹೋಯಿತು. ವಿಚಾರಣೆ ತಪ್ಪಲ್ಲ. ಆದರೆ ಅದು ದಡದ ಮೇಲೆ ನಡೆಯಬೇಕು, ಹಡಗಿನ ಅಟ್ಟದ ಮೇಲಲ್ಲ.

ಈ ಭೇದವನ್ನು ಮರೆತರೆ ಏನಾಗುವುದೆಂದು 2001ರ ಆಗಸ್ಟ್ ತೋರಿಸಿತು. ನಾರ್ವೆಯ ‘ಟಾಂಪಾ’ ಹಡಗಿನ ಕಪ್ತಾನ ಆರ್ನೆ ರಿನ್ನನ್, ಕ್ರಿಸ್ಮಸ್ ದ್ವೀಪದ ಬಳಿಯ ಕಡಲಿನಲ್ಲಿ 433 ಮಂದಿಯನ್ನು ರಕ್ಷಿಸಿದರು. ಅವರಲ್ಲಿ ಹೆಚ್ಚಿನವರು ಅಫ್ಘಾನಿಸ್ತಾನದವರು. ಆಸ್ಟ್ರೇಲಿಯಾ ಇಳಿಯಲು ಬಿಡಲಿಲ್ಲ. ತನ್ನ ಸೈನಿಕರನ್ನೇ ಹಡಗಿಗೆ ಹತ್ತಿಸಿತು. ಕೊನೆಗೆ ನ್ಯೂಜಿಲೆಂಡ್ 131 ಮಂದಿಯನ್ನು ಸ್ವೀಕರಿಸಿತು. ಉಳಿದವರನ್ನು ಪುಟ್ಟ ನೌರು ದ್ವೀಪಕ್ಕೆ ಸಾಗಿಸಲಾಯಿತು. ಮರುವರ್ಷ ಕಪ್ತಾನ, ನಾವಿಕರು ಮತ್ತು ಹಡಗು ಸಂಸ್ಥೆಗೆ ವಿಶ್ವಸಂಸ್ಥೆಯ ನಾನ್ಸೆನ್ ಪ್ರಶಸ್ತಿ ಸಂದಿತು. ರಕ್ಷಕನಿಗೆ ಪದಕವಿತ್ತು, ರಕ್ಷಿತರಿಗೆ ಬಂದರಿರಲಿಲ್ಲ!

2006ರಲ್ಲಿ ಜಾರಿಗೆ ಬಂದ ಕಡಲ ನಿಯಮಗಳ ತಿದ್ದುಪಡಿ, ಸುರಕ್ಷಿತ ಸ್ಥಳ ದೊರಕಿಸುವ ಹೊಣೆಯನ್ನು ಆಯಾ ಕಡಲ ವಲಯದ ರಾಷ್ಟ್ರಕ್ಕೆ ಹೊರಿಸಿತು. ಮಾಲ್ಟಾ ಅದನ್ನು ಒಪ್ಪಲಿಲ್ಲ. 2020ರಲ್ಲಿ 27 ಮಂದಿಯನ್ನು ರಕ್ಷಿಸಿದ ಡೆನ್ಮಾರ್ಕ್‌ನ ‘ಮೆರ್ಸ್ಕ್ ಎಟಿಯೆನ್’ ಹಡಗು ಆ ದ್ವೀಪದ ಹೊರಗೆ ಐದು ವಾರಕ್ಕೂ ಹೆಚ್ಚು ಕಾಯಬೇಕಾಯಿತು.

ಹಾಗಾದರೆ 1979ರ ದಾರಿಗೇ ಮರಳಬೇಕೇ? ಅದರ ಮರ್ಮಕ್ಕೆ ಮರಳಬೇಕು. ಮೊದಲು ಇಳಿಸುವುದು, ಬಳಿಕ ವಿಚಾರಿಸುವುದು, ಭಾರವನ್ನು ಹಂಚಿಕೊಳ್ಳುವುದು. ಕರಾವಳಿಯ ರಾಷ್ಟ್ರವೊಂದೇ ಎಲ್ಲವನ್ನೂ ಹೊರಲೆಂದು ದೂರದ ಶ್ರೀಮಂತ ರಾಷ್ಟ್ರಗಳು ಬಯಸುವುದು ನ್ಯಾಯವಲ್ಲ. ಹಾಗೆಂದು ಕೈಚಾಚಿದ ನಾವಿಕನಿಗೆ ಶಿಕ್ಷೆಯಾಗುವುದೂ ನ್ಯಾಯವಲ್ಲ. ಇಂದು ಒಬ್ಬ ಕಪ್ತಾನನನ್ನು ಬಂದರಿನ ಹೊರಗೆ ಕಾಯಿಸಿದರೆ, ನಾಳೆ ಇನ್ನೊಬ್ಬ ಕಪ್ತಾನ ದೋಣಿಯೊಂದನ್ನು ಕಂಡೂ ಮುಖ ತಿರುಗಿಸಿಯಾನು. ಆ ಪಾಪದಲ್ಲಿ ಬಾಗಿಲು ಮುಚ್ಚಿದವರ ಪಾಲೂ ಇಲ್ಲವೇ?