ಪಾಲ್ ಹೇಳಿದ್ದಾರೆ ಅಂದ್ರೆ ಮುಗೀತಾ?

ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಅಂದರೆ ಬರೀ ತರ್ಕದ ಮೇಲೆ ಬದುಕೋ ಮನುಷ್ಯ ಅಂತ ಹೊರಗಿನವರು ಅಂದ್ಕೊಂಡಿರ್ತಾರೆ. ಒಳಗಿರೋರಿಗೆ ಗೊತ್ತು, ನಮ್ಮಷ್ಟು ಶಕುನ ನಂಬೋ ಜನ ಕಡಿಮೆ. ಭಾನುವಾರ ರಾತ್ರಿ ಇಂಡೆಕ್ಸ್ ರೀಬಿಲ್ಡ್ ಆಗಲೇಬೇಕು. ಸರ್ವರ್‌ನಲ್ಲಿ ಎಷ್ಟು ಕೋರ್ ಇದೆಯೋ ಟೆಂಪ್‌ಡಿಬಿಗೆ ಅಷ್ಟೇ ಫೈಲ್ ಇರಬೇಕು. ಬಫರ್ ಕ್ಯಾಶ್ ಹಿಟ್ ರೇಶಿಯೋ 90ರ ಮೇಲಿದ್ದರೆ ಚಿಂತೆ ಇಲ್ಲ. ಯಾಕೆ ಅಂತ ಕೇಳಿ ನೋಡಿ: "ಮೊದಲಿಂದ ಹಾಗೇ ಮಾಡ್ಕೊಂಡು ಬಂದಿದೀವಿ."

ಈ ಶಕುನಗಳನ್ನು ಒಂದೊಂದಾಗಿ ಹಿಡಿದು ಒಡೆದವರಲ್ಲಿ ದೊಡ್ಡ ಹೆಸರು ಪಾಲ್ ರ‍್ಯಾಂಡಲ್ ಅವರದು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ತಂಡದಲ್ಲಿದ್ದವರು. ಡೇಟಾಬೇಸ್ ಎಲ್ಲಾದರೂ ಕೆಟ್ಟಿದೆಯಾ ಅಂತ ನೋಡೋಕೆ ನಾವು ಓಡಿಸೋ ಡಿಬಿಸಿಸಿ ಚೆಕ್‌ಡಿಬಿ ಇದೆಯಲ್ಲ, 2005ರ ಆವೃತ್ತಿಗೆ ಅದನ್ನು ಬರೆದವರು ಇವರೇ. 2007ರಲ್ಲಿ ಕಂಪನಿ ಬಿಟ್ಟು ಪಾಠ ಮತ್ತು ಕನ್ಸಲ್ಟಿಂಗ್ ಕಡೆ ಬಂದರು. 2010ರ ಏಪ್ರಿಲ್‌ನಲ್ಲಿ ದಿನಕ್ಕೊಂದರಂತೆ ಇಡೀ ತಿಂಗಳು ಡಿಬಿಎಗಳ ಮೂಢನಂಬಿಕೆಗಳ ಬಗ್ಗೆ ಬರೆದರು. ಆಮೇಲೆ ಅದೆಲ್ಲ ಸೇರಿ ಒಂದು ಪಿಡಿಎಫ್ ಆಯಿತು. ಇಷ್ಟು ವರ್ಷದ ಮೇಲೆ ಅದನ್ನು ಒಂದು ಪುಸ್ತಕದ ಹಾಗೆ ಓದಿದರೆ ಮೆಚ್ಚುಗೆಯೂ ಬರುತ್ತೆ, ಒಂದು ತಕರಾರೂ ಹುಟ್ಟುತ್ತೆ. ಮೊದಲು ಮೆಚ್ಚುಗೆ.

ಸರಣಿಯ ಒಂದು ಕಂತು ಟ್ರಂಕೇಟ್ ಬಗ್ಗೆ. ಟೇಬಲ್‌ನಲ್ಲಿರೋದನ್ನೆಲ್ಲ ಒಂದೇ ಏಟಿಗೆ ಖಾಲಿ ಮಾಡೋ ಕಮಾಂಡ್ ಅದು. "ಟ್ರಂಕೇಟ್ ಲಾಗ್ ಆಗಲ್ಲ, ವಾಪಸ್ ತರೋಕಾಗಲ್ಲ" ಅನ್ನೋದು ನಂಬಿಕೆ. ಪರೀಕ್ಷೆಗೆ ಎರಡು ನಿಮಿಷ ಸಾಕು. ಒಂದು ಟ್ರಾನ್ಸಾಕ್ಷನ್ ಶುರು ಮಾಡಿ, ಟ್ರಂಕೇಟ್ ಮಾಡಿ, ರೋಲ್‌ಬ್ಯಾಕ್ ಕೊಡಿ, ಆಮೇಲೆ ಸಾಲು ಎಣಿಸಿ. ಎಲ್ಲಾ ಸಾಲೂ ಅಲ್ಲೇ ಕೂತಿರುತ್ತೆ. ಟ್ರಂಕೇಟ್ ಒಂದೊಂದೇ ಸಾಲು ಅಳಿಸಿದ್ದನ್ನು ಬರೆದಿಡೋದಿಲ್ಲ, ಪೇಜುಗಳನ್ನು ಬಿಟ್ಟುಕೊಟ್ಟಿದ್ದನ್ನು ಬರೆದಿಡುತ್ತೆ. ಅದಕ್ಕೇ ಅದು ಬೇಗ ಮುಗಿಯೋದು, ಅದಕ್ಕೇ ವಾಪಸ್ ಬರೋದು.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಪೂರ್ತಿ ಸುಳ್ಳೇನಲ್ಲ ಅದು. ಒರಾಕಲ್‌ನಲ್ಲಿ ಟ್ರಂಕೇಟ್ ಮಾಡಿದ ಕೂಡಲೇ ತಾನೇ ಕಮಿಟ್ ಆಗುತ್ತೆ, ರೋಲ್‌ಬ್ಯಾಕ್ ಕೊಟ್ಟರೂ ಏನೂ ವಾಪಸ್ ಬರಲ್ಲ. ಮೈಎಸ್‌ಕ್ಯೂಎಲ್‌ನಲ್ಲೂ ಅದೇ ಕಥೆ. ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ ವಾಪಸ್ ಬರುತ್ತೆ. ಒಂದು ಕಡೆ ನಿಜವಾದ ಮಾತು ಕೆಲಸ ಬದಲಿಸಿದವರ ಬ್ಯಾಗಿನಲ್ಲಿ ಇನ್ನೊಂದು ಕಡೆಗೆ ಬಂದಿದೆ, ವಿಳಾಸ ಮಾತ್ರ ಹಿಂದೆಯೇ ಉಳಿದಿದೆ.

ಟೆಂಪ್‌ಡಿಬಿ ಕಥೆ ಇನ್ನೂ ಚೆನ್ನಾಗಿದೆ. ಕೋರಿಗೊಂದು ಫೈಲ್ ಅನ್ನೋದು ಎಸ್‌ಕ್ಯೂಎಲ್ ಸರ್ವರ್ 2000ದ ಕಾಲದಲ್ಲಿ ಮೈಕ್ರೋಸಾಫ್ಟೇ ಕೊಟ್ಟ ಸಲಹೆ. ಆಗ ಸರ್ವರ್ ಅಂದರೆ ನಾಲ್ಕೋ ಎಂಟೋ ಪ್ರೊಸೆಸರ್. 2005ರ ಆವೃತ್ತಿಯಲ್ಲಿ ಟೆಂಪರರಿ ಟೇಬಲ್‌ಗಳ ಕ್ಯಾಶಿಂಗ್ ಸುಧಾರಿಸಿ, ಪೇಜಿಗಾಗಿ ಕಿತ್ತಾಡೋದು ಕಡಿಮೆಯಾಯಿತು. ಅಷ್ಟರಲ್ಲಿ ಕೋರ್‌ಗಳು ಮೂವತ್ತೆರಡು, ಅರವತ್ನಾಲ್ಕು ಆದವು. ಅರವತ್ನಾಲ್ಕು ಫೈಲ್ ಇಟ್ಟರೆ ದೊಡ್ಡ ಸಾರ್ಟ್ ಒಂದು ಮೆಮೊರಿ ಸಾಲದೆ ಡಿಸ್ಕಿಗೆ ಚೆಲ್ಲಿದಾಗ ಆ ಫೈಲುಗಳೇ ಭಾರ ಆಗಬಹುದು. ಕೊನೆಗೆ ಎಂಟು ಕೋರಿನವರೆಗೆ ಕೋರಿಗೊಂದು, ಅದಕ್ಕಿಂತ ಜಾಸ್ತಿ ಇದ್ದರೆ ಎಂಟರಿಂದ ಶುರು, ತೊಂದರೆ ಕಂಡರೆ ಮಾತ್ರ ನಾಲ್ಕು ನಾಲ್ಕು ಸೇರಿಸಿ ಅನ್ನೋ ಸಲಹೆ ಬಂತು. 2016ರಿಂದ ಇನ್‌ಸ್ಟಾಲ್ ಮಾಡೋವಾಗಲೇ ಸೆಟಪ್ ಆ ಲೆಕ್ಕ ಹಾಕಿಕೊಡುತ್ತೆ. ಸಾಫ್ಟ್‌ವೇರ್ ಬದಲಾಯಿತು, ಸಲಹೆ ಬದಲಾಯಿತು, ನಮ್ಮ ಚೆಕ್‌ಲಿಸ್ಟ್ ಬದಲಾಗಲಿಲ್ಲ.

ರ‍್ಯಾಂಡಲ್ ಇಂಥದ್ದನ್ನೆಲ್ಲ ಚಿಕ್ಕದಾಗಿ, ನೇರವಾಗಿ, ಎಷ್ಟೋ ಕಡೆ ಓಡಿಸಿ ನೋಡಬಹುದಾದ ಕೋಡ್ ಜೊತೆಗೇ ಕೊಡ್ತಾರೆ. ಅಲಂಕಾರ ಇಲ್ಲ. ಹೊಸಬರೂ ಕೂತು ಮಾಡಿ ನೋಡಬಹುದು. ಸರಣಿಯ ಶಕ್ತಿ ಇರೋದು ಇಲ್ಲೇ.

ಈಗ ತಕರಾರು. ಮೂಢನಂಬಿಕೆಗೆ ಕಾರಣ ಅಜ್ಞಾನ, ಸರಿಯಾದ ಉತ್ತರ ಕೊಟ್ಟರೆ ಅದು ಹೋಗುತ್ತೆ ಅನ್ನೋ ಧಾಟಿ ಸರಣಿ ಉದ್ದಕ್ಕೂ ಇದೆ. ನಮ್ಮ ಕೆಲಸದ ಸ್ವಭಾವ ಹಾಗಿಲ್ಲ. ಡಿಬಿಎ ಕೆಲಸದಲ್ಲಿ ಏನೂ ಆಗದೇ ಇರೋದೇ ಯಶಸ್ಸು. ವಾರಪೂರ್ತಿ ಫೋನ್ ಬರಲಿಲ್ಲ ಅಂದರೆ ಗೆದ್ದ ಹಾಗೆ. ಆದರೆ ನಾವು ಮಾಡೋ ಹತ್ತು ಕೆಲಸದಲ್ಲಿ ಯಾವುದರಿಂದ ಏನೂ ಆಗಲಿಲ್ಲ ಅಂತ ಹೇಳೋದು ಹೇಗೆ? ಹೇಳೋಕಾಗಲ್ಲ. ಹಾಗಾಗಿ ಹತ್ತನ್ನೂ ಮಾಡ್ತೀವಿ. ನಿಂಬೆಹಣ್ಣು ಕಟ್ಟಿದ ಗಾಡಿಗೆ ಆಕ್ಸಿಡೆಂಟ್ ಆಗಿಲ್ಲ, ಹಾಗಾಗಿ ನಿಂಬೆಹಣ್ಣು ಬಿಚ್ಚೋರಿಲ್ಲ.

ಇಂಡೆಕ್ಸ್ ರೀಬಿಲ್ಡ್ ಇದಕ್ಕೆ ಸರಿಯಾದ ಉದಾಹರಣೆ. ಕ್ವೆರಿ ನಿಧಾನ ಆಗಿತ್ತು, ರೀಬಿಲ್ಡ್ ಮಾಡಿದ್ವಿ, ಬೆಳಿಗ್ಗೆ ಓಡ್ತಾ ಇತ್ತು. ಕಣ್ಣಾರೆ ಕಂಡಿದ್ದು, ಇನ್ನೇನು ಸಾಕ್ಷಿ ಬೇಕು? ಆದರೆ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ರೀಬಿಲ್ಡ್ ಮಾಡಿದಾಗ ಆ ಇಂಡೆಕ್ಸಿನ ಸ್ಟ್ಯಾಟಿಸ್ಟಿಕ್ಸ್ ಕೂಡ ಹೊಸದಾಗುತ್ತೆ. ಟೇಬಲ್‌ನಲ್ಲಿ ಏನು ಎಷ್ಟಿದೆ ಅನ್ನೋ ಅಂದಾಜು ಸರಿಹೋಗುತ್ತೆ, ಕ್ವೆರಿಗೆ ಹೊಸ ಪ್ಲಾನ್ ಸಿಗುತ್ತೆ. ಬಹಳ ಸಲ ಗುಣ ಮಾಡಿದ್ದು ಆ ಹೊಸ ಪ್ಲಾನ್. ಇಂಡೆಕ್ಸನ್ನು ಮತ್ತೆ ಕಟ್ಟಿದ್ದಕ್ಕೂ ಗುಣವಾಗಿದ್ದಕ್ಕೂ ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಇರೋಷ್ಟೇ ಸಂಬಂಧ. ಬರೀ ಸ್ಟ್ಯಾಟಿಸ್ಟಿಕ್ಸ್ ಅಪ್‌ಡೇಟ್ ಮಾಡಿದ್ದರೂ ಸಾಕಾಗ್ತಿತ್ತು, ಅದಕ್ಕೆ ತಗಲೋ ಖರ್ಚು ಎಷ್ಟೋ ಕಡಿಮೆ.

ಖರ್ಚು ಅಂದಿದ್ದು ಸುಮ್ಮನೆ ಅಲ್ಲ. ಫುಲ್ ರಿಕವರಿಯಲ್ಲಿರೋ ಡೇಟಾಬೇಸ್‌ನಲ್ಲಿ ರೀಬಿಲ್ಡ್ ಪೂರ್ತಿ ಲಾಗ್ ಆಗುತ್ತೆ. ಲಾಗ್ ಬ್ಯಾಕಪ್ ಉಬ್ಬುತ್ತೆ, ಇನ್ನೊಂದು ಊರಲ್ಲಿರೋ ಡಿಆರ್ ಸರ್ವರ್ ಹಿಂದೆ ಬೀಳುತ್ತೆ. ಆ ಹೊತ್ತಿಗೆ ಮುಖ್ಯ ಸರ್ವರ್ ನಿಜವಾಗಿ ಬಿದ್ದರೆ ಕಳೆದುಹೋಗೋದು ಗಿರಾಕಿಯ ಡೇಟಾ, ನಿದ್ದೆ ಕಳೆದುಕೊಳ್ಳೋದು ನೈಟ್ ಶಿಫ್ಟಿನಲ್ಲಿರೋ ಹುಡುಗಿ. ಶಕುನದ ಬಿಲ್ ಕಟ್ಟೋರು ಸಾಮಾನ್ಯವಾಗಿ ಶಕುನ ಹೇಳಿದವರಲ್ಲ.

ಈ ಕಥೆಯಲ್ಲೊಂದು ತಿರುವಿದೆ. ಎಷ್ಟು ಫ್ರಾಗ್ಮೆಂಟೇಶನ್ ಆದರೆ ಏನು ಮಾಡಬೇಕು ಅನ್ನೋದಕ್ಕೆ ಒಂದು ಪ್ರಸಿದ್ಧ ಲೆಕ್ಕ ಇದೆ. ಶೇ. 5ರಿಂದ 30 ಇದ್ದರೆ ರೀಆರ್ಗನೈಸ್, 30 ದಾಟಿದರೆ ರೀಬಿಲ್ಡ್, 1000 ಪೇಜಿಗಿಂತ ಚಿಕ್ಕ ಇಂಡೆಕ್ಸ್ ಮುಟ್ಟಬೇಡಿ. ಮೈಕ್ರೋಸಾಫ್ಟಿನ ದಾಖಲೆಯಲ್ಲಿ ಬಂದು, ಅಲ್ಲಿಂದ ಜಗತ್ತಿನ ಮೇಂಟೆನೆನ್ಸ್ ಸ್ಕ್ರಿಪ್ಟುಗಳಲ್ಲಿ ನೆಲೆಯಾದ ಅಂಕಿಗಳು ಇವು. ಇವನ್ನು ಕೊಟ್ಟವರು ಯಾರು? ಇದೇ ಪಾಲ್ ರ‍್ಯಾಂಡಲ್. ಮೈಕ್ರೋಸಾಫ್ಟಿನಲ್ಲಿದ್ದಾಗ ಜನ ಒಂದು ಅಂಕಿ ಕೊಡಿ ಅಂತ ಕೇಳಿದರು, ತಾನು ಕೊಟ್ಟೆ, ಬೇರೆ ಮಾಹಿತಿ ಇಲ್ಲದಿದ್ದಾಗ ಶುರು ಮಾಡೋಕೆ ಅಷ್ಟೇ ಅದು ಅಂತ ಆಮೇಲೆ ಅವರೇ ಬರೆದಿದ್ದಾರೆ. ಮುಚ್ಚುಮರೆ ಮಾಡಿಲ್ಲ, ಅದು ಅವರ ದೊಡ್ಡತನ. ಆದರೂ ಆ ಅಂಕಿಗಳು ಕದಲಲಿಲ್ಲ. ತಿರುಗೋ ಡಿಸ್ಕ್ ಹೋಗಿ ಎಸ್‌ಎಸ್‌ಡಿ ಬಂದ ಮೇಲೂ ಸ್ಕ್ರಿಪ್ಟಿನಲ್ಲಿ 30 ಅಂದರೆ 30.

ಅಂದರೆ ಮೂಢನಂಬಿಕೆ ಒಡೆಯೋ ದೊಡ್ಡ ಹೆಸರಿನಿಂದಲೇ ಹೊಸ ನಂಬಿಕೆಯೂ ಹುಟ್ಟಬಹುದು. "ಸೀನಿಯರ್ ಹೇಳಿದ್ದಾರೆ" ಅನ್ನೋ ಜಾಗದಲ್ಲಿ "ಪಾಲ್ ಹೇಳಿದ್ದಾರೆ" ಅಂತ ಬಂದರೆ ಗುರು ಬದಲಾದರು, ಶಿಷ್ಯ ಹಾಗೇ ಇದ್ದಾನೆ. ಸರಣಿಯಲ್ಲಿ ಕೆಲವು ಕಡೆ ಪುರಾವೆಯ ಭಾರವನ್ನು "ಆ ಕೋಡ್ ನನಗೆ ಗೊತ್ತು" ಅನ್ನೋ ಧ್ವನಿಯೇ ಹೊರುತ್ತೆ. ಮಾತು ಸರಿಯೇ ಇರಬಹುದು. ಆದರೆ ಆ ಕೋಡ್ ನೋಡೋ ಭಾಗ್ಯ ನಮಗಿಲ್ಲ. ನಂಬೋದೊಂದೇ ದಾರಿ ಆಯಿತು.

ಒರಾಕಲ್ ಕಡೆಯವರು ಈ ವಿಷಯದಲ್ಲಿ ಸ್ವಲ್ಪ ಹಟಮಾರಿಗಳು. ಟಾಮ್ ಕೈಟ್ ವರ್ಷಗಟ್ಟಲೆ ಪ್ರಶ್ನೆಗಳಿಗೆ ಉತ್ತರಿಸಿದ ರೀತಿಯೇ ಹಾಗಿತ್ತು: ಟೆಸ್ಟ್ ಕೇಸ್ ತನ್ನಿ, ಆಮೇಲೆ ಮಾತಾಡೋಣ. 2007ರಲ್ಲಿ ಅಲೆಕ್ಸ್ ಗೋರ್ಬಚೇವ್ ಊಹೆಯ ವಿರುದ್ಧ ಸಮರ ಅಂತಲೇ ಒಂದು ಬಳಗ ಕಟ್ಟಿದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾನರ್ ಮೆಕ್‌ಡೊನಾಲ್ಡ್ ಬರೆದ ಒಂದು ಪುಟ್ಟ ಪ್ರೋಗ್ರಾಂ. ನಿಮಗೆ ಬೇಕಾದ ಹಿಟ್ ರೇಶಿಯೋ ಎಷ್ಟು ಅಂತ ಹೇಳಿ, ಅದು ಕೆಲಸಕ್ಕೆ ಬಾರದ ಕ್ವೆರಿಗಳನ್ನು ಓಡಿಸಿ ಓಡಿಸಿ ಆ ಅಂಕಿಗೆ ತಂದು ನಿಲ್ಲಿಸುತ್ತೆ. ಸಿಸ್ಟಂ ಒಂದಿಷ್ಟೂ ಚುರುಕಾಗಿರಲ್ಲ, ರೇಶಿಯೋ ಮಾತ್ರ ಥಳಥಳ. ಹಿಟ್ ರೇಶಿಯೋ ನಂಬಬೇಡಿ ಅಂತ ಹತ್ತು ಪುಟ ಬರೆಯೋದಕ್ಕಿಂತ ಇದು ಮೇಲು. ಇದನ್ನು ಓಡಿಸಿ ನೋಡಿದವರಿಗೆ ಬರೆದವರು ಯಾರು ಅನ್ನೋದೇ ಮುಖ್ಯ ಆಗಲ್ಲ.

ಕಮ್ಯೂನಿಟಿ ಅನ್ನೋ ಮಾತು ಇಲ್ಲಿ ಬರುತ್ತೆ. ಒಬ್ಬ ಡಿಬಿಎ ತನ್ನ ಪ್ರೊಡಕ್ಷನ್ ಸರ್ವರ್ ಮೇಲೆ ಪ್ರಯೋಗ ಮಾಡೋ ಹಾಗಿಲ್ಲ. ನೂರು ಜನ ತಮ್ಮ ತಮ್ಮ ಟೆಸ್ಟ್ ಮೆಷಿನ್ನಿನಲ್ಲಿ ನೋಡಿ ಹೇಳಿದರೆ ಮಾತಿಗೆ ತೂಕ ಬರುತ್ತೆ. 1999ರಲ್ಲಿ ಶುರುವಾದ ಪಾಸ್ ಸಂಸ್ಥೆ, 2007ರಲ್ಲಿ ಒರ್ಲ್ಯಾಂಡೋದಲ್ಲಿ ಹುಟ್ಟಿ ಬೆಂಗಳೂರಿಗೂ ಬಂದ ಎಸ್‌ಕ್ಯೂಎಲ್ ಸ್ಯಾಟರ್ಡೇಗಳು, ಎಲ್ಲದರ ಬೆಲೆ ಇದರಲ್ಲಿತ್ತು. ಕೋವಿಡ್ ವರ್ಷದಲ್ಲಿ ಸಮ್ಮೇಳನದ ಆದಾಯ ಕುಸಿದು, 2021ರ ಜನವರಿಯಲ್ಲಿ ಪಾಸ್ ಬಾಗಿಲು ಹಾಕಿತು. ಇಪ್ಪತ್ತು ವರ್ಷದ ಸಂಸ್ಥೆ ಹೋದರೂ ಶನಿವಾರ ಪುಕ್ಕಟೆ ಪಾಠ ಮಾಡೋರು ನಿಲ್ಲಲಿಲ್ಲ.

ಆದರೆ ನಮ್ಮ ಕಡೆಯ ಯೂಸರ್ ಗ್ರೂಪ್‌ಗಳಲ್ಲಿ ಆಗೋದೇನು? ಹೊಸ ಫೀಚರ್ ಪರಿಚಯ, ನಲವತ್ತು ಸ್ಲೈಡ್, ಒಂದು ಗ್ರೂಪ್ ಫೋಟೋ, ಸಂಜೆಗೆ ಲಿಂಕ್ಡ್‌ಇನ್‌ನಲ್ಲಿ "ಸ್ಪೀಕರ್" ಅನ್ನೋ ಬಿರುದು. ತಪ್ಪಂತಲ್ಲ, ಅಪ್ರೈಸಲ್ ಎಲ್ಲರಿಗೂ ಇದೆ. ಆದರೆ ಆ ಹಾಲ್‌ನಲ್ಲಿ ಕೂತವರಿಗೆ ಸೋಮವಾರ ಆಫೀಸಿನಲ್ಲಿ ರನ್‌ಬುಕ್ ಬದಲಿಸೋಕೆ ಬೇಕಾದ ಧೈರ್ಯ ಸಿಕ್ಕಿತಾ? ಚೇಂಜ್ ರಿಕ್ವೆಸ್ಟಿಗೆ ಲಗತ್ತಿಸೋಕೆ ಏನಾದರೂ ಸಿಕ್ಕಿತಾ? ಮ್ಯಾನೇಜರ್ ಮುಂದೆ ಸ್ಪೀಕರ್ ಹೆಸರು ಹೇಳಿದರೆ ಕೆಲಸ ಆಗಲ್ಲ. ನಮ್ಮದೇ ಡೇಟಾದ ಮೇಲೆ ಓಡಿಸಿದ ಫಲಿತಾಂಶ ಇಟ್ಟರೆ ಆಗಬಹುದು.

ರ‍್ಯಾಂಡಲ್ ಸರಣಿಯನ್ನು ಓದಿ, ಖಂಡಿತ ಓದಿ. ಆದರೆ ಉತ್ತರಗಳನ್ನು ಬಾಯಿಪಾಠ ಮಾಡಬೇಡಿ, ಅದರಲ್ಲಿ 2010ಕ್ಕೆ ನಿಜವಾಗಿದ್ದು ಇವತ್ತಿನ ಆವೃತ್ತಿಗೆ ಹೊಂದದೇ ಇರಬಹುದು. ಮುಂದಿನ ಮೀಟಪ್‌ನಲ್ಲಿ ಯಾರಾದರೂ ಸ್ಲೈಡ್ ಮೇಲೆ ಒಂದು ಅಂಕಿ ತೋರಿಸಿದರೆ ಕೈ ಎತ್ತಿ ಮೂರು ಪ್ರಶ್ನೆ ಕೇಳಿ: ಯಾವ ಆವೃತ್ತಿ, ಎಂಥ ಮೆಷಿನ್, ಸ್ಕ್ರಿಪ್ಟ್ ಎಲ್ಲಿದೆ? ಮೊದಲ ಸಲ ಹಾಲ್‌ನಲ್ಲಿ ಸ್ವಲ್ಪ ಮುಜುಗರ ಆಗುತ್ತೆ. ನಾಲ್ಕನೇ ಸಲಕ್ಕೆ ಸ್ಪೀಕರುಗಳೇ ಸ್ಕ್ರಿಪ್ಟ್ ತಗೊಂಡು ಬರ್ತಾರೆ.